ಒಡೆಯುವ ಸರಕು, ಬೈಹುಲ್ಲಿನ ಬುಟ್ಟಿ

ಕಾರವಾರದ ವಾಣಿಜ್ಯಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಮೆಣಸು, ಮಸ್ಲಿನ್, ಹತ್ತಿ ಎಂಬ ಮೂರು ಸರಕುಗಳ ಸುತ್ತಲೇ ಲೇಖನಿಯನ್ನು ಓಡಿಸುತ್ತಾರೆ. 1638ರಲ್ಲಿ ಕೋರ್ಟೀನ್ ಸಂಘದ ಆಂಗ್ಲ ವರ್ತಕರು ಇಲ್ಲಿ ಕೋಠಿಯನ್ನು ತೆರೆದುದು ಮೊದಲೆರಡರ ಆಸೆಯಿಂದ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಈ ಬಂದರಿನ ಮೇಲೆ ಮುಂಬಯಿಯ ದೃಷ್ಟಿ ಬಿದ್ದುದು ಮೂರನೆಯದರ ದೆಸೆಯಿಂದ. ಇವುಗಳಲ್ಲಿ ಯಾವುದೂ ಕೆಳಗೆ ಬಿದ್ದರೆ ಒಡೆಯುವಂಥದಲ್ಲ; ಎತ್ತಿನ ಬೆನ್ನಿನ ಮೇಲೆ ಘಟ್ಟವಿಳಿದು ಬಂದು, ಮಚವೆಯ ಒಡಲಿಗೆ ನಿರ್ದಾಕ್ಷಿಣ್ಯವಾಗಿ ಎಸೆಯಲ್ಪಟ್ಟರೂ ನೀರು ಸೋಂಕದಿದ್ದರೆ ಸಾಕು, ವರ್ತಕನಿಗೆ ನಿದ್ರೆ ಬರುತ್ತಿತ್ತು. ಒಡೆಯುವ ವಸ್ತುಗಳ ಚರಿತ್ರೆಯನ್ನಾದರೋ ಬರೆದವರು ವಿರಳ.

ದೋಣಿಗಳು ಕಾಳೀ ನದಿಯಲ್ಲಿ ಕದ್ರಾದವರೆಗೂ ಏರಿಹೋಗುತ್ತಿದ್ದ ದಿನಗಳಲ್ಲಿ ಕಿನ್ನರದಂತಹ ತೀರಗ್ರಾಮಗಳಿಗೆ ಜಲಮಾರ್ಗವೇ ರಾಜಮಾರ್ಗವಾಗಿತ್ತು. ಮಣ್ಣಿನ ಗಡಿಗೆಗೆ ಅದಕ್ಕಿಂತ ಸುಖದ ಪ್ರಯಾಣವಿಲ್ಲ. ಕುಲುಕಾಟವೆಲ್ಲ ನೆಲದ ಮೇಲಿನ ಗಾಡಿಯದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಆ ಕೆಂಪು ಹೆಂಚುಗಳು ಕಡಲ ದಾರಿಯಿಂದಲೇ ಊರೂರಿಗೆ ಹರಡಿದುವು. ಹೆಂಚನ್ನು ಮಲಗಿಸಿ ಪೇರಿಸಿದರೆ ತಳದ್ದು ಮೇಲಿನ ಭಾರಕ್ಕೆ ಬಿರಿಯುವುದು. ಅಂಚಿನ ಮೇಲೆ ನಿಲ್ಲಿಸಿ ಒಂದಕ್ಕೊಂದನ್ನು ಒತ್ತರಿಸಿ, ಉಳಿದ ಸಂದುಗಳಿಗೆ ಹುಲ್ಲನ್ನು ತುರುಕಿದರೆ ಅಲುಗಾಡಲು ಎಡೆಯಿರದು. ಒಡೆಯುವ ವಸ್ತುವಿಗೆ ಭಾರಕ್ಕಿಂತಲೂ ತೆರಪೇ ದೊಡ್ಡ ಶತ್ರುವೆಂಬ ಈ ತಿಳಿವಳಿಕೆ ಯಾವ ಶಾಸ್ತ್ರಗ್ರಂಥದಿಂದಲೂ ಬಂದುದಲ್ಲ.

ಆದರೆ ಹೆಂಚು ಉಸಿರಾಡುವುದಿಲ್ಲ, ಬೆವರುವುದಿಲ್ಲ. ಅಂಕೋಲೆಯ ಕರಿ ಇಶಾಡ ಮಾವಿನ ಹಣ್ಣನ್ನು ಕಟ್ಟಿ ಕಳುಹಿಸುವುದು ಇದಕ್ಕಿಂತ ಸೂಕ್ಷ್ಮವಾದ ವಿದ್ಯೆ. ಬಿಳಿ ಇಶಾಡಕ್ಕೆ ಸಿಪ್ಪೆ ದಪ್ಪ, ತಿರುಳು ಕಡಿಮೆ. ಕರಿಯದಕ್ಕೆ ತಿರುಳು ಹೇರಳ, ಪರಿಮಳ ಅಪಾರ, ಸಿಪ್ಪೆ ಮಾತ್ರ ಬೆರಳೂರಿದರೆ ಕಂದುವಷ್ಟು ತೆಳು. ಕಾಯನ್ನು ನೆಲಕ್ಕೆ ಬೀಳಗೊಡದೆ ಕೊಯ್ಯಬೇಕು. ಸೊನೆ ಸಿಪ್ಪೆಗೆ ತಗಲಿ ಸುಡದಂತೆ ತೊಟ್ಟನ್ನು ಉಳಿಸಬೇಕು. ಬಿದಿರ ಬುಟ್ಟಿಯ ತಳಕ್ಕೆ ಒಣ ಬೈಹುಲ್ಲನ್ನು ಹಾಸಿ, ಕಾಯಿಗೆ ಕಾಯಿ ಸೋಂಕದಂತೆ ಒಂದು ವರಸೆಯನ್ನಿಟ್ಟು, ಮತ್ತೆ ಹುಲ್ಲು, ಮತ್ತೆ ವರಸೆ. ಹುಲ್ಲು ಇಲ್ಲಿ ಹಾಸಿಗೆಯೂ ಹೌದು, ಕಾವು ಕೊಟ್ಟು ಮಾಗಿಸುವ ಒಲೆಯೂ ಹೌದು. ಬಿಗಿಯಾಗಿ ತುಂಬಿದರೆ ಒಳಗೆ ಕಾವೇರಿ ಕೊಳೆಯುವುದು, ಸಡಿಲವಾದರೆ ಉರುಳಿ ಕಂದುವುದು. ನಡುವಣ ಹದವನ್ನು ಬಲ್ಲುದು ಕೈಯೇ. ಇಷ್ಟಾದರೂ ಅದು ಕೆಲವೇ ದಿನಗಳ ಅತಿಥಿ.

ಇಶಾಡ ಮಾಗುವ ಕಾಲವೂ ಅದಕ್ಕೆ ಪ್ರತಿಕೂಲವೇ. ಮೇ ತಿಂಗಳಲ್ಲಿ ಹಣ್ಣು ಹದಕ್ಕೆ ಬರುವ ಹೊತ್ತಿಗೆ, ಮುಂಗಾರಿಗೆ ಹೆದರಿದ ಹಾಯಿಹಡಗುಗಳನ್ನು ದಡಕ್ಕೆಳೆಯುವ ಸಿದ್ಧತೆ ನಡೆದಿರುತ್ತಿತ್ತು. ಮುಂಬಯಿಗೆ ಸಮೀಪವಾದ ರತ್ನಾಗಿರಿಯ ಆಪೂಸಾದರೋ ಮೊದಲೇ ಮಾಗಿ, ತಕ್ಕಷ್ಟು ಗಟ್ಟಿಯಾದ ಸಿಪ್ಪೆಯ ಬಲದಿಂದ ಪೇಟೆಯನ್ನು ಗೆದ್ದು, ಸಮುದ್ರದಾಚೆಗೂ ಹೆಸರಾಯಿತು. ರುಚಿಯಲ್ಲಿ ಇಶಾಡ ಸೋತಿತೆಂದು ಅಂಕೋಲೆಯವರು ಒಪ್ಪುವುದಿಲ್ಲ, ನಾನೂ ಒಪ್ಪೆ, ಸೋತದ್ದು ಪ್ರಯಾಣದಲ್ಲಿ.

ಕೊಂಕಣ ರೈಲುಮಾರ್ಗವು 1998ರಲ್ಲಿ ಪೂರ್ಣಗೊಂಡು, ಮುಂಬಯಿಯ ದಾರಿ ಮಳೆಗಾಲದಲ್ಲಿಯೂ ತೆರೆಯಿತು. 2023ರಲ್ಲಿ ಕರಿ ಇಶಾಡಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಬುಟ್ಟಿಯ ಸ್ಥಾನಕ್ಕೆ ರಟ್ಟಿನ ಪೆಟ್ಟಿಗೆ ಬಂದಿದೆ. ಆದರೂ ಹಂಗಾಮಿನಲ್ಲಿ ಅಂಕೋಲೆಯ ರಸ್ತೆಬದಿಯಲ್ಲಿ ಬುಟ್ಟಿಯನ್ನಿಟ್ಟು ಕುಳಿತ ಹಾಲಕ್ಕಿ ಹೆಂಗಸರ ಬಳಿ ಕೊಂಡು, ಅಂದೇ ತಿಂದ ಹಣ್ಣಿನ ಸವಿಯನ್ನು ಆ ಪೆಟ್ಟಿಗೆ ಇನ್ನೂ ಮುಟ್ಟಿಸಲಾರದು.