ಹಡಗಿಗೆ ಮುಂಚಿನ ಬಿಡಾರ

ಹೋದ ಮಾಗಿಯಲ್ಲಿ ನನ್ನ ತಂಗಿಯ ಮಗಳು ಮುಂಬಯಿಯಿಂದ ಗೋವೆಗೆ ಹೋಗಿಬರುವ ಒಂದು ವಿಹಾರನೌಕೆಯಲ್ಲಿ ತನಗೂ ತನ್ನ ಗಂಡನಿಗೂ ಜಾಗ ಕಾದಿರಿಸಿದಳು. ಹಡಗಿನ ಕೋಣೆ, ಊಟ, ಸಂಜೆಯ ಗಾನಬಜಾನ ಎಲ್ಲವೂ ಗೊತ್ತಾಗಿ ಹಣವೂ ಸಂದಾಯವಾಗಿತ್ತು. ಒಂದು ಮಾತ್ರ ಉಳಿದಿತ್ತು.

"ಮಾಮಾ, ಹಡಗಿಂದೇನೋ ಆತು. ಹಿಂದಿನ ರಾತ್ರಿ ಮುಂಬೈದಾಗ ಎಲ್ಲಿ ಇಳಕೋಬೇಕು?" ಎಂದು ಕೇಳಿದಳು.

ಅಂಧೇರಿಯ ಕಡೆ ಅಗ್ಗದಲ್ಲಿ ದೊಡ್ಡ ಕೋಣೆ ಸಿಗುತ್ತದೆ. ಬಲ್ಲಾರ್ಡ್ ಪಿಯರಿನ ಬಳಿ ಸಣ್ಣ ಕೋಣೆಗೆ ಅದರ ಇಮ್ಮಡಿ ಬಾಡಿಗೆ. ಹಡಗು ಸಂಜೆ ಬಿಡುವುದಾದರೂ ಹತ್ತುವ ಬಾಗಿಲನ್ನು ಎಷ್ಟೋ ಹೊತ್ತು ಮುಂಚೆಯೇ ಮುಚ್ಚಿಬಿಡುತ್ತಾರೆ. ವಿಜಯಪುರದ ರಾತ್ರಿ ಬಸ್ಸು ಹೊತ್ತಿಗೆ ಸರಿಯಾಗಿ ಮುಟ್ಟಿದರೆ ಬಿಡಾರವೇ ಬೇಡ. ದಾರಿಯಲ್ಲಿ ಎಲ್ಲಾದರೂ ಕೆಟ್ಟು ನಿಂತಿತೆಂದರೆ ಕೊಟ್ಟ ಹಣವೆಲ್ಲ ನೀರುಪಾಲು. ಹುಡುಗಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಲೆಕ್ಕದಲ್ಲಿ ಜಾಣೆ. ಆದರೂ ಈ ಲೆಕ್ಕ ಅವಳಿಗೆ ಬಗೆಹರಿಯಲಿಲ್ಲ. ನನಗೋ ಆ ಪ್ರಶ್ನೆ ಕೇಳಿ ಮಮದಾಪುರದ ಕೆರೆ ನೆನಪಾಯಿತು. ಕೆರೆಗೂ ಹಡಗಿಗೂ ಏನು ಸಂಬಂಧವೆಂದು ವಾಚಕರು ನಗಬಹುದು. ಸಂಬಂಧವಿದೆ.

ಮಮದಾಪುರ ನಮ್ಮ ಜಿಲ್ಲೆಯ ಬಬಲೇಶ್ವರ ತಾಲೂಕಿನ ಊರು. ವಿಜಾಪುರದಿಂದ ನೈಋತ್ಯಕ್ಕೆ, ಅಂದರೆ ಕೊಂಕಣದ ಬಂದರುಗಳ ದಿಕ್ಕಿಗೇ ಮುಖ ಮಾಡಿ ಹೊರಟರೆ ಸಿಗುತ್ತದೆ. ಗೋಳಗುಮ್ಮಟದಲ್ಲಿ ಮಲಗಿರುವ ಮಹಮ್ಮದ ಆದಿಲಶಾಹನ ಹೆಸರನ್ನು ನಮ್ಮ ರೈತರ ನಾಲಗೆ ತಿದ್ದಿ ತೀಡಿ ಮಮದಾಪುರ ಮಾಡಿದೆ. ಅಲ್ಲಿರುವ ದೊಡ್ಡಕೆರೆ, ಸಣ್ಣಕೆರೆಗಳೆರಡೂ ಅವನ ಕಾಲದವು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಅಷ್ಟು ಅಗಲದ ನೀರನ್ನು ಕಂಡವನಿಗೆ ಅದೇ ಸಮುದ್ರ.

ಆ ಊರಿನ ಒಬ್ಬ ಹಿರಿಯರನ್ನು ನಾನು ಕಾಕಾ ಎಂದು ಕರೆಯುತ್ತಿದ್ದೆ. ಅವರು 1968ರಲ್ಲಿ ಮುಂಬಯಿಯಿಂದ ಹಡಗು ಹತ್ತಿ ಹಜ್ ಯಾತ್ರೆ ಮುಗಿಸಿಬಂದವರು. "ಸಮುದ್ರ ಅಂದ್ರ ನಮ್ಮ ಕೆರೀಗಿಂತ ಒಂದೀಟು ದೊಡ್ಡದಿರಬೇಕು ಅಂತ ತಿಳದಿದ್ದೆ, ತಮ್ಮಾ," ಎನ್ನುತ್ತಿದ್ದರು. ಆದರೆ ಅವರ ಮಾತು ಸಮುದ್ರದ ಮೇಲೆ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ಹಡಗಿಗೆ ಮುಂಚೆ ಮುಂಬಯಿಯಲ್ಲಿ ಕಳೆದ ಹನ್ನೊಂದು ದಿನಗಳ ಕಡೆಗೇ ತಿರುಗಿ ತಿರುಗಿ ಬರುತ್ತಿತ್ತು. ಅದು ಯಾಕೆಂದು ಆಗ ನಾನು ಕೇಳಲಿಲ್ಲ. ಮುಂದೆ ಹಳೆಯ ಸಂಗತಿಗಳನ್ನು ಓದುತ್ತ ಹೋದ ಹಾಗೆ, ಕಡಲ ಯಾತ್ರೆಯ ಚರಿತ್ರೆಯಲ್ಲಿ ದೊಡ್ಡ ಪಾಲು ದಡದ ಮೇಲೆ ಕಾದು ಕೂತವರದೇ ಎಂದು ತಿಳಿಯಿತು.

ಹಾಯಿಹಡಗಿನ ಕಾಲದಲ್ಲಿ ಹೊರಡುವ ದಿನವನ್ನು ಗೊತ್ತುಮಾಡುತ್ತಿದ್ದುದು ಗಾಳಿ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಬಂದರುಗಳ ಬಾಯಿ ಮುಚ್ಚಿದಂತೆಯೇ. ಮಳೆ ನಿಂತು ಈಶಾನ್ಯದ ಗಾಳಿ ಎದ್ದ ಮೇಲೆಯೇ ಕೆಂಪು ಸಮುದ್ರದ ಕಡೆಗೆ ಹಾಯಿ ಬಿಚ್ಚಬೇಕು. ಹಜ್ಜಿನ ತಿಂಗಳೋ ಚಂದ್ರನ ಲೆಕ್ಕದ್ದು, ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಗಾಳಿಯ ಪಂಚಾಂಗವೂ ಚಂದ್ರನ ಪಂಚಾಂಗವೂ ಎಲ್ಲ ವರ್ಷವೂ ಕೂಡಿಬರುವುದಿಲ್ಲ. ಕೂಡಿಬಾರದ ವರ್ಷ ಯಾತ್ರಿಕನು ಈ ದಡದಲ್ಲೋ ಆ ದಡದಲ್ಲೋ ತಿಂಗಳುಗಟ್ಟಲೆ ಕೂರಬೇಕು. ಇದರ ಮೇಲೆ ಪೋರ್ತುಗೀಜರ ಕಾಟ ಬೇರೆ: ಅವರು ಕೊಡುವ ರಹದಾರಿ ಇಲ್ಲದ ಹಡಗನ್ನು ನಡುಗಡಲಿನಲ್ಲಿ ಹಿಡಿದು ಸುಲಿಯುತ್ತಿದ್ದರು. ಅಕ್ಬರನ ಸೋದರತ್ತೆ ಗುಲ್ಬದನ್ ಬೇಗಂ 1575ರಲ್ಲಿ ಫತೇಪುರ ಸಿಕ್ರಿಯಿಂದ ಹೊರಟು, ಇದೇ ರಹದಾರಿಗಾಗಿ ಸೂರತ್ತಿನಲ್ಲಿ ಸುಮಾರು ಒಂದು ವರ್ಷ ಕಾದು, 1576ರಲ್ಲಿ ಹಡಗು ಹತ್ತಿದಳು. ಹಿಂದೂಸ್ತಾನದ ಬಾದಶಹನ ಅತ್ತೆಗೇ ಈ ಗತಿಯಾದರೆ ಉಳಿದವರ ಮಾತೇನು?

ನಮ್ಮ ವಿಜಾಪುರದ ರಾಜ್ಯಕ್ಕೆ ಗೋವೆ 1510ರಲ್ಲಿ ಕೈಬಿಟ್ಟುಹೋದ ಮೇಲೆ ದಾಭೋಳ ಮುಖ್ಯ ಬಂದರಾಯಿತು. ಅದನ್ನೂ ಪೋರ್ತುಗೀಜರು 1508ರ ಕೊನೆಯಲ್ಲಿ ಒಮ್ಮೆ ಸುಟ್ಟಿದ್ದರು. ಆದರೂ ಊರು ಮತ್ತೆ ಎದ್ದುನಿಂತಿತು. ವಾಶಿಷ್ಠಿ ನದಿಯ ದಡದ ಮೇಲೆ ಅಲ್ಲೊಂದು ಕಲ್ಲಿನ ಮಸೀದಿ ಇದೆ. ಹದಿನೇಳನೆಯ ಶತಮಾನದ ನಡುವಿನದು. ನೋಡಿದೊಡನೆ ನಮ್ಮೂರಿನ ಕಲ್ಲುಕುಟಿಗರ ಕೈ ಗುರುತು ಸಿಗುತ್ತದೆ. ಅದನ್ನು ಕುರಿತು ಅಲ್ಲಿಯವರು ಹೇಳುವ ಕತೆ ಹೀಗಿದೆ: ವಿಜಾಪುರದ ಅರಮನೆಯ ಆಯಿಷಾಬೀಬಿ ಎಂಬವಳು ಮಕ್ಕೆಗೆ ಹೋಗಲು ದೊಡ್ಡ ಪರಿವಾರದೊಡನೆ ದಾಭೋಳಕ್ಕೆ ಬಂದಿಳಿದಳು. ಕಡಲಿನ ದಾರಿ ಸುರಕ್ಷಿತವಾಗಿರಲಿಲ್ಲ. ಹೊರಡುವ ದಿನ ಬರಲೇ ಇಲ್ಲ. ಕೊನೆಗೆ ಬಲ್ಲವರ ಸಲಹೆಯಂತೆ, ಯಾತ್ರೆಗೆಂದು ತಂದ ಹಣದಿಂದ ಅಲ್ಲಿಯೇ ಮಸೀದಿ ಕಟ್ಟಿಸಿದಳು. ಇದು ಜನರ ಬಾಯಲ್ಲಿರುವ ಕತೆ. ದಾಖಲೆಯೆಂದು ನಾನು ಮಂಡಿಸುತ್ತಿಲ್ಲ. ಆದರೆ ಕಾದು ಕಾದು ಹಡಗು ಸಿಗದೆ ಹೋದವರು ಇರದಿದ್ದರೆ ಇಂಥ ಕತೆ ಹುಟ್ಟುತ್ತಿರಲಿಲ್ಲ.

ದಾಖಲೆಯಿರುವುದು ಇನ್ನೊಬ್ಬ ರಾಣಿಯದು. ಮಹಮ್ಮದ ಆದಿಲಶಾಹನ ಪತ್ನಿ ಖದೀಜಾ ಸುಲ್ತಾನಾ, ಗೋವಳಕೊಂಡದ ಕುತುಬಶಾಹಿ ಮನೆಯ ಮಗಳು. ಜನ ಬಡೀ ಸಾಹಿಬಾ ಎನ್ನುತ್ತಿದ್ದರು. ರುಸ್ತಮಿ ಎಂಬ ಕವಿಯಿಂದ 'ಖಾವರನಾಮ'ವನ್ನು ದಖನಿಯಲ್ಲಿ ಬರೆಯಿಸಿದವಳು ಈಕೆಯೇ. ಗಂಡ 1656ರಲ್ಲಿ ತೀರಿಕೊಂಡ. ಎಳೆಯ ಎರಡನೆಯ ಅಲಿ ಆದಿಲಶಾಹನ ಬೆನ್ನಿಗೆ ನಿಂತು ಕೆಲವು ಕಾಲ ರಾಜಕಾರಣ ನಡೆಸಿ, ಕೊನೆಗೆ ಯಾತ್ರೆಗೆ ಹೊರಟಳು. ಹೊತ್ತು ಒಳ್ಳೆಯದಿರಲಿಲ್ಲ. 1659ರ ನವೆಂಬರಿನಲ್ಲಿ ಪ್ರತಾಪಗಡದ ಬುಡದಲ್ಲಿ ಅಫ್ಜಲಖಾನ ಸತ್ತ ಮೇಲೆ ಕೊಂಕಣದ ಘಟ್ಟಗಳೂ ಬಂದರುಗಳೂ ಒಂದೊಂದಾಗಿ ಶಿವಾಜಿಯ ಕಡೆಗೆ ವಾಲುತ್ತಿದ್ದವು. ಬಡೀ ಸಾಹಿಬಾ ಹೋದದ್ದು ಡಚ್ಚರ ಹಡಗಿನಲ್ಲಿ, 1661ರಲ್ಲಿ, ಮೋಖಾ ಬಂದರಿಗೆ. ಡಚ್ಚರಿಗೆ ವೆಂಗುರ್ಲೆಯಲ್ಲಿ ಕೋಠಿ ಹಾಕಲು ಅವಳ ಗಂಡನ ಕಾಲದಲ್ಲಿಯೇ ಅಪ್ಪಣೆ ದೊರೆತಿತ್ತು. ಮನೆಯವರು ಕೊಟ್ಟ ಜಾಗದಲ್ಲಿ ಅಂಗಡಿ ಹಾಕಿದವನು ಮನೆಯ ಹೆಣ್ಣುಮಗಳಿಗೆ ಬಂಡಿ ಕಟ್ಟಿಕೊಟ್ಟಂತೆ ಎನ್ನೋಣ. ಡಚ್ಚರಿಗೂ ರಾಣಿಯ ಕೃಪೆ ಬೇಕಾಗಿತ್ತು. ದೊಡ್ಡವರಿಗೆ ಹಡಗು ಕಾಯುತ್ತದೆ. ಸಣ್ಣವರು ಹಡಗಿಗೆ ಕಾಯಬೇಕು.

ಸಣ್ಣವರಿಗೆ ಆ ಕಾಲದಲ್ಲಿ ಇದ್ದ ಆಸರೆ ಸರಾಯಿ, ದರ್ಗಾ, ಮಸೀದಿಯ ಪಡಸಾಲೆ. ವಿಜಾಪುರದ ಹೊರಗೆ ಮುಸ್ತಫಾಖಾನ 1640ರ ಸುಮಾರಿಗೆ ಒಂದು ಭಾರಿ ಸರಾಯಿ ಕಟ್ಟಿಸಿದ್ದ. ಗೋಡೆಯುದ್ದಕ್ಕೂ ಕೋಣೆಗಳು, ನಡುವೆ ಬಯಲು, ರಾತ್ರಿ ಮುಚ್ಚುವ ಒಂದು ಬಾಗಿಲು. ಇಂಗ್ಲಿಷರು ಬಂದು ನೋಡಿದರು. ಸೆರೆಮನೆಗೆ ಇದಕ್ಕಿಂತ ಹೇಳಿ ಮಾಡಿಸಿದ ಕಟ್ಟಡ ಬೇರೆ ಸಿಕ್ಕದೆಂದು ಅದನ್ನು ಜೈಲು ಮಾಡಿಬಿಟ್ಟರು. ನಮ್ಮೂರಿನ ಅತಿಥಿಸತ್ಕಾರವನ್ನು ಹಳಿಯುವವರಿಗೆ ಇದೊಂದು ಒಳ್ಳೆಯ ಉದಾಹರಣೆ.

ಹೊಸ ಕಾಲ ರೈಲಿನೊಡನೆ ಬಂತು. ಗದಗದಿಂದ ಹೋಟಗಿಯವರೆಗಿನ ಸಣ್ಣ ಹಳಿಯ ರೈಲುದಾರಿ 1884ರಲ್ಲಿ ತೆರೆಯಿತು. ವಿಜಾಪುರದಲ್ಲಿ ಹತ್ತಿ, ಹೋಟಗಿಯಲ್ಲಿ ಇಳಿದು, ದೊಡ್ಡ ಹಳಿಯ ಗಾಡಿ ಹಿಡಿದು ಸೊಲ್ಲಾಪುರ, ಪುಣೆಗಳ ಮೇಲೆ ಮುಂಬಯಿ. ವಾರಗಟ್ಟಲೆಯ ದಾರಿ ಎರಡು ದಿನಕ್ಕಿಳಿಯಿತು. ಹಡಗುಗಳೂ ಹಾಯಿ ಬಿಟ್ಟು ಹೊಗೆ ಕಾರತೊಡಗಿದ್ದವು; ಗಾಳಿಯ ಹಂಗು ತಪ್ಪಿತ್ತು. ಇನ್ನು ಕಾಯುವ ಕಾಟ ಮುಗಿಯಿತೆಂದು ಯಾರಾದರೂ ಎಣಿಸಬೇಕು. ಆದದ್ದು ಬೇರೆ. ಗಾಳಿಯ ಜಾಗಕ್ಕೆ ದಲ್ಲಾಳಿ ಬಂದ.

ಮುಂಬಯಿಯ ಹಡಗುಗಳ ಒಡೆಯರು ಡೆಕ್ಕು ತುಂಬುವವರೆಗೆ ಲಂಗರು ಎತ್ತುತ್ತಿರಲಿಲ್ಲ. ನಾಳೆ ಎಂದ ಹಡಗು ಮುಂದಿನ ವಾರಕ್ಕೆ ಹೋಗುತ್ತಿತ್ತು. ಯಾತ್ರಿಕನು ಸ್ಟೇಶನ್ನಿನಲ್ಲಿ ಇಳಿಯುತ್ತಲೇ ಅವನ ಭಾಷೆಯಾಡುವ ದಲ್ಲಾಳಿ ಎದುರಾಗಿ ಗಂಟು ಹೊತ್ತುಕೊಂಡು ಬಿಡಾರಕ್ಕೆ ಕರೆದೊಯ್ಯುವನು. ಬಿಡಾರ ಕೊಟ್ಟವನಿಗೂ ಟಿಕೆಟ್ಟು ಮಾರಿದವನಿಗೂ ಒಳಗೊಳಗೇ ಹೊಂದಿಕೆ. ಹಡಗು ತಡವಾದಷ್ಟೂ ಬಿಡಾರದವನಿಗೆ ಬಾಡಿಗೆ. ಬಿಡಾರ ತುಟ್ಟಿಯಾದಷ್ಟೂ ಯಾತ್ರಿಕನು ಸಿಕ್ಕ ಹಡಗನ್ನು ಕೇಳಿದ ಬೆಲೆಗೆ ಹತ್ತಲು ಸಿದ್ಧ. ಎತ್ತು ಮಾರಿ ಬಂದ ರೈತನ ಗಂಟು ಮುಂಬಯಿಯ ಬೀದಿಯಲ್ಲಿಯೇ ಕರಗುತ್ತಿತ್ತು. ಜಿದ್ದಾ ಮುಟ್ಟಿದ ಮೇಲೆ ಮರಳಿಬರಲು ಕಾಸಿಲ್ಲದೆ ಉಳಿದವರ ವಿಷಯ ಸರ್ಕಾರದ ಕಾಗದಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅವರ ದಾರಿದ್ರ್ಯದ ಒಂದು ಪಾಲು ಮುಂಬಯಿಯಲ್ಲಿ, ಹಡಗು ಹತ್ತುವ ಮೊದಲೇ ಆರಂಭವಾಗಿತ್ತೆಂಬುದನ್ನು ಮರೆಯಬಾರದು.

1880ರ ದಶಕದಲ್ಲಿ ಮುಂಬಯಿ ಸರ್ಕಾರ ಯಾತ್ರಿಕರ ದಲ್ಲಾಳಿಗಳಿಗೆ ಪರವಾನಗಿಯ ಕಾಯಿದೆ ತಂದಿತು. ಯಾತ್ರಿಕರ ರಕ್ಷಣೆಗೆಂದೇ ಒಬ್ಬ ಅಧಿಕಾರಿಯನ್ನಿಟ್ಟಿತು. 1886ರಲ್ಲಿ ಭಾರತ ಸರ್ಕಾರ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಲಂಡನ್ನಿನ ಪ್ರವಾಸದ ವ್ಯಾಪಾರಿಗಳಾದ ಥಾಮಸ್ ಕುಕ್ ಅಂಡ್ ಸನ್ ಅವರನ್ನು ಹಜ್ ಯಾತ್ರೆಯ ಏಜೆಂಟರನ್ನಾಗಿ ನೇಮಿಸಿತು. ಒಳನಾಡಿನ ರೈಲು ನಿಲ್ದಾಣದಿಂದ ಜಿದ್ದಾದವರೆಗೆ ಒಂದೇ ಟಿಕೆಟ್ಟು. ಹಡಗಿನ ದಿನ ಮೊದಲೇ ಪ್ರಕಟ. ಆ ದಿನಕ್ಕೆ ಹೊಂದುವಂತೆ ಊರು ಬಿಟ್ಟರೆ ಮುಂಬಯಿಯಲ್ಲಿ ಬಿಡಾರದ ಗೊಡವೆಯೇ ಇಲ್ಲ. ಕಾಗದದ ಮೇಲೆ ಇದಕ್ಕಿಂತ ಸೊಗಸಾದ ಏರ್ಪಾಡು ಇರಲಾರದು. ಆದರೆ ಹತ್ತು ವರ್ಷ ತುಂಬುವ ಮೊದಲೇ ಕುಕ್ ಕಂಪನಿ ನಷ್ಟದಿಂದ ಕೈಬಿಟ್ಟಿತು. ಹೆಚ್ಚಿನ ಜನ ಹಳೆಯ ದಾರಿಯಲ್ಲಿಯೇ ಬರುತ್ತಿದ್ದರು. ಅವರನ್ನು ಅಜ್ಞರೆಂದು ಅಧಿಕಾರಿಗಳು ಬರೆದರು. ನನಗೆ ಹಾಗೆ ತೋರುವುದಿಲ್ಲ. ಗುರುತಿಲ್ಲದ ಕಂಪನಿಯ ಚೀಟಿಗಿಂತ ತನ್ನ ಮಾತು ಬಲ್ಲ ಮನುಷ್ಯ ವಾಸಿ ಎಂದು ಹಳ್ಳಿಯವನು ನಂಬಿದರೆ ಅದರಲ್ಲಿ ಅವನಿಗೆ ನಷ್ಟವಾದೀತು, ಅಜ್ಞಾನವೇನಿದೆ?

ಅಷ್ಟರಲ್ಲಿ ಪ್ಲೇಗು ಬಂತು. 1897ರಲ್ಲಿ ಮುಂಬಯಿಯಿಂದ ಹಜ್ ಯಾತ್ರೆಯನ್ನೇ ತಡೆದರು. ಮತ್ತೆ ಬಿಟ್ಟಾಗಲೂ, ಹತ್ತುವ ಮೊದಲು ಯಾತ್ರಿಕರನ್ನು ಪೀರ್‌ಪಾವ್‌ನ ಶಿಬಿರದಲ್ಲಿಟ್ಟು, ಬಟ್ಟೆಬರೆ ಬೇಯಿಸಿ, ಜ್ವರ ಬರುವುದೋ ಎಂದು ಕಾದು ನೋಡುತ್ತಿದ್ದರು. ಈ ಬಾರಿ ಕಾಯಿಸಿದವರು ವೈದ್ಯರು.

ಈ ಎಲ್ಲ ಕಾಟಕ್ಕೆ ಮುಂಬಯಿಯ ಮುಸಲ್ಮಾನ ವರ್ತಕರು ಕಂಡುಕೊಂಡ ಉತ್ತರ ಮುಸಾಫಿರಖಾನೆ. ಕ್ರಾಫರ್ಡ್ ಮಾರ್ಕೆಟ್ಟಿನ ಬಳಿಯ ಸಾಬೂ ಸಿದ್ದೀಕ ಮುಸಾಫಿರಖಾನೆ ಅವುಗಳಲ್ಲಿ ಹೆಸರಾದದ್ದು. ದಾನಿಯ ಹಣದಿಂದ ನಡೆಯುವ ಮನೆಯಾದ್ದರಿಂದ ತಡವಾದರೆ ಲಾಭ ಪಡೆಯುವವರು ಅಲ್ಲಿ ಯಾರೂ ಇಲ್ಲ. ದಲ್ಲಾಳಿಯ ಬೇರು ಕಡಿದದ್ದು, ಕಾಯಿದೆಗಿಂತ ಹೆಚ್ಚಾಗಿ, ಇದೇ ಎಂದು ನನ್ನ ತಿಳಿವಳಿಕೆ.

ಮಮದಾಪುರದ ಕಾಕಾ ಇಳಿದದ್ದು ಅಲ್ಲಿ. "ರೊಟ್ಟಿ ಚೀಲ, ಶೇಂಗಾಹಿಂಡಿ, ಒಂದು ಕಂಬಳಿ. ಬಾಜೂಕ ಬಿಹಾರದವ್ರು, ಎದುರಿಗೆ ಮಲಬಾರದವ್ರು. ಅವರ ಮಾತು ನನಗ ತಿಳಿಯೂದಿಲ್ಲ, ನನ್ನ ಮಾತು ಅವರಿಗೆ ತಿಳಿಯೂದಿಲ್ಲ. ರೊಟ್ಟಿ ಮಾತ್ರ ಎಲ್ಲಾರಿಗೂ ತಿಳೀತು ನೋಡು." ಸೂಜಿಮದ್ದು, ಪಾಸಿನ ಕಾಗದ, ಪರದೇಶದ ಹಣ, ಒಂದೊಂದಕ್ಕೂ ಸಾಲು. ಪಕ್ಕದ ಮುದುಕಿಯೊಬ್ಬಳಿಗೆ ಜ್ವರ ಬಂದು ವೈದ್ಯರು ತಡೆದಾಗ, ಅವಳ ಮಗನೂ ಟಿಕೆಟ್ಟು ಹಿಂದಿರುಗಿಸಿ ತಾಯಿಯ ಜೊತೆಗೆ ಊರಿಗೆ ಮರಳಿದನಂತೆ. ಇದನ್ನು ಹೇಳುವಾಗ ಕಾಕಾ ಪ್ರತಿ ಸಲವೂ ಒಂದಿಷ್ಟು ಹೊತ್ತು ಸುಮ್ಮನಾಗುತ್ತಿದ್ದರು. ಆಮೇಲೆ, "ನಾವು ಅಲ್ಲೇ ಹಾಜಿ ಆಗಿಬಿಟ್ಟಿದ್ದಿವಿ. ಮುಂದಿಂದು ಬರೇ ನೀರಿನ ಹಾದಿ," ಎನ್ನುತ್ತಿದ್ದರು.

ಮೊಗಲ್ ಲೈನಿನ ಕಂಪನಿ 1986ರಲ್ಲಿ ಭಾರತೀಯ ನೌಕಾ ನಿಗಮದಲ್ಲಿ ಲೀನವಾಯಿತು. 1995ಕ್ಕೆ ಹಡಗಿನ ಹಜ್ ಯಾತ್ರೆಯೇ ನಿಂತು ಎಲ್ಲರೂ ವಿಮಾನ ಹತ್ತಿದರು. ಕಾಕಾ ಈಗಿಲ್ಲ.

ನನ್ನದೂ ಒಂದು ಅನುಭವ ಉಂಟು. 1980ರ ದಶಕದಲ್ಲಿ, ಭಾವುಚಾ ಧಕ್ಕೆಯಿಂದ ಪಣಜಿಗೆ ಹೋಗುವ ಸ್ಟೀಮರು ಇನ್ನೂ ಓಡುತ್ತಿದ್ದಾಗ, ಅದನ್ನು ಹಿಡಿಯಲು ಹೊರಟು, ಕಾಗದ ಬರೆದು ಒಂದು ಲಾಡ್ಜಿನಲ್ಲಿ ಕೋಣೆ ಗೊತ್ತುಮಾಡಿದ್ದೆ. ರಾತ್ರಿ ಹತ್ತಕ್ಕೆ ಹೋದರೆ ಅದನ್ನು ಇನ್ನೊಬ್ಬರಿಗೆ ಕೊಟ್ಟಾಗಿತ್ತು. ಬೆಳಗಿನವರೆಗೆ ಟ್ರಂಕಿನ ಮೇಲೆ ಕೂತು ಮರುದಿನ ಸ್ಟೀಮರಿನ ಡೆಕ್ಕಿನ ಮೇಲೆ ನಿದ್ದೆ ಮಾಡಿದೆ. ಕೊಂಕಣದ ಕಿನಾರೆಯ ಸೊಬಗನ್ನು ಕಂಡವರು ಉಳಿದ ಪ್ರಯಾಣಿಕರು.

ಆದ್ದರಿಂದ ಸೊಸೆಗೆ ಹೇಳಿದೆ: ಬಂದರಿನಿಂದ ಟ್ಯಾಕ್ಸಿ ಸಿಗದಿದ್ದರೂ ನಡೆದು ಮುಟ್ಟುವಷ್ಟು ಹತ್ತಿರ ಹಿಡಿ, ಕೋಣೆ ಸಣ್ಣದಾದರೂ ಚಿಂತೆಯಿಲ್ಲ. ದಿನ ಬದಲಾದರೆ ಹಣ ಮರಳಿಸುತ್ತಾರೆಯೇ ಎಂದು ಮೊದಲೇ ಕೇಳು. ತಡರಾತ್ರಿ ಬಂದರೂ ಕೋಣೆ ಇಟ್ಟಿರುತ್ತಾರೆಂದು ಬರಹದಲ್ಲಿ ತರಿಸಿಕೋ, ಹೊರಡುವ ಹಿಂದಿನ ದಿನ ಫೋನು ಮಾಡಿ ಇನ್ನೊಮ್ಮೆ ಕೇಳು. ಮತ್ತು ಎರಡು ರಾತ್ರಿಗೆ ಹಿಡಿ.

"ಎರಡು ಯಾಕ ಮಾಮಾ? ಹಡಗು ಈಗ ಗಂಟೆ ಹೊಡದಂಗ ಬಿಡ್ತದ."

"ಹಡಗು ಬಿಡ್ತದವ್ವಾ. ಬಸ್ಸಿಂದು ಹೇಳಾಕ ಬರೂದಿಲ್ಲ."

ಕೋಟೆ ಭಾಗದಲ್ಲಿ ಒಂದು ಹಳೆಯ ಲಾಡ್ಜು ಸಿಕ್ಕಿತು. ಬಸ್ಸು ನಾಲ್ಕು ತಾಸು ತಡವಾಗಿ ಮುಟ್ಟಿತಂತೆ. ಕೈಯಲ್ಲಿ ಉಳಿದ ಒಂದು ದಿನದಲ್ಲಿ ಇಬ್ಬರೂ ಕ್ರಾಫರ್ಡ್ ಮಾರ್ಕೆಟ್ಟಿನವರೆಗೆ ನಡೆದುಹೋಗಿ, ಮುಸಾಫಿರಖಾನೆ ಯಾವುದೆಂದು ಕೇಳಿ, ಎದುರಿಗೆ ನಿಂತು ಒಂದು ಫೋಟೊ ತೆಗೆದು ನನಗೆ ಕಳಿಸಿದರು.