ಮೂರನೇ ದಿನಕ್ಕೆ ನಿಲ್ಲುವ ಸುದ್ದಿ

ರಾಯಚೂರು ಜಿಲ್ಲೆಯ ವಳಕಮದಿನ್ನಿಯಂಥ ಊರಿನ ಹೆಸರು ರಾಜ್ಯದ ಪತ್ರಿಕೆಗಳಲ್ಲಿ ಬರುವುದೇ ಅಪರೂಪ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಯಾವುದಾದರೂ ಹಳ್ಳಿಯಲ್ಲಿ ಜನ ಒಟ್ಟಿಗೆ ವಾಂತಿ-ಭೇದಿಯಿಂದ ನೆಲಹಿಡಿದಾಗ ಮಾತ್ರ ಊರಿನ ಹೆಸರು ದಪ್ಪಕ್ಷರದಲ್ಲಿ ಬರುತ್ತದೆ. ಮೊದಲ ದಿನ ಆಸ್ಪತ್ರೆ ಸೇರಿದವರ ಲೆಕ್ಕ. ಎರಡನೇ ದಿನ ಶಾಸಕರು, ತಹಶೀಲ್ದಾರರು ಬಂದುಹೋದ ಫೋಟೊ, ಕೊನೆಯಲ್ಲಿ ‘ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಲಾಗಿದೆ’ ಎಂಬ ಸಾಲು. ಮೂರನೇ ದಿನಕ್ಕೆ ಸುದ್ದಿ ನಿಲ್ಲುತ್ತದೆ. ಆ ಮಾದರಿಯಲ್ಲಿ ಏನು ಸಿಕ್ಕಿತು, ಯಾರ ಹೊಣೆ, ಪೈಪು ದುರಸ್ತಿಯಾಯಿತೇ ಎಂಬುದು ಬಹಳಷ್ಟು ಸಲ ಊರವರಿಗೇ ತಿಳಿಯುವುದಿಲ್ಲ. ಕನ್ನಡದಲ್ಲಿ ಈ ರೋಗಗಳ ಕುರಿತ ಬರವಣಿಗೆ ಬೆಳೆದು ಬಂದ ದಾರಿಯನ್ನು ನೋಡಿದರೆ, ತಿಳಿವಳಿಕೆಯ ಕೊರತೆಗಿಂತ ಪತ್ರಿಕೆ ನಡೆಸುವ ಕಷ್ಟವೇ ಇದಕ್ಕೆ ದೊಡ್ಡ ಕಾರಣ ಎಂದು ನನಗನಿಸುತ್ತದೆ.

ಆ ಕಷ್ಟ ಹಳೆಯದು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ಶುರು ಮಾಡಿದರು. ಎರಡು ವರ್ಷ ನಡೆದು ಅದು ನಿಂತಿತು. ರಾಯಚೂರು ಆಗ ನಿಜಾಮರ ಸೀಮೆ. ಆಡಳಿತದ ಭಾಷೆ ಉರ್ದು. ಮೈಸೂರಿನಲ್ಲಿ ಅಚ್ಚಾದ ಕನ್ನಡ ಇಲ್ಲಿಯ ಹಳ್ಳಿ ಮುಟ್ಟುವುದು ದೂರದ ಮಾತಾಗಿತ್ತು. ಮುಂದೆ ಡಾ. ಅನುಪಮಾ ನಿರಂಜನ ಮನೆಮಾತಿನಲ್ಲಿ ವೈದ್ಯಕೀಯ ಬರೆದರು. 1978ರಲ್ಲಿ ಶುರುವಾದ ‘ಬಾಲವಿಜ್ಞಾನ’ ಶಾಲೆಗಳನ್ನು ತಲುಪಿತು. ಕುದಿಸಿದ ನೀರು, ತೊಳೆದ ಕೈ, ಮುಚ್ಚಿಟ್ಟ ಅನ್ನ: ಈ ಪಾಠಗಳು ಕನ್ನಡಕ್ಕೆ ಚೆನ್ನಾಗಿಯೇ ಬಂದವು. ಆದರೆ ಅವು ಓದುಗರಿಗೆ ಹೇಳಿದ ಬುದ್ಧಿಮಾತುಗಳು. ನೀರು ಕೊಡುವವರನ್ನು, ಅಡುಗೆ ಬಡಿಸುವವರನ್ನು ಪ್ರಶ್ನಿಸುವ ಬರವಣಿಗೆ ಬೇರೆ ಜಾತಿಯದು. ಜಾಹೀರಾತಿಲ್ಲದೆ ಓದುಗರ ದುಡ್ಡಿನಲ್ಲೇ ನಡೆದ ‘ಲಂಕೇಶ್ ಪತ್ರಿಕೆ’ 1980ರ ನಂತರ ಅಧಿಕಾರವನ್ನು ಪ್ರಶ್ನಿಸುವ ಧೈರ್ಯ ತೋರಿಸಿತು. ಹಾಗೆ ನಡೆಸುವುದು ಎಲ್ಲರಿಗೂ ಸಾಧ್ಯವಾಗಲಿಲ್ಲ.

ಊಟ ದಿನದ ಸುದ್ದಿಯಾದದ್ದು 2002ರ ಆಸುಪಾಸಿನಲ್ಲಿ. ಬಿಸಿಯೂಟದ ಅಕ್ಷರ ದಾಸೋಹ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಸರ್ಕಾರವೇ ಬಡಿಸುವ ಊಟ ಕೆಟ್ಟರೆ ಅದು ಸಾರ್ವಜನಿಕ ಪ್ರಶ್ನೆ ಎಂಬ ಅರಿವು ವರದಿಗಾರರಿಗೆ ಬಂತು. 2004ರಲ್ಲಿ ರೋಗಗಳ ಮೇಲೆ ಕಣ್ಣಿಡುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ, ಎಲ್ಲಿ ಎಷ್ಟು ಜನ ಕಾಯಿಲೆ ಬಿದ್ದರು ಎಂಬ ವಾರದ ಪಟ್ಟಿ ಸಿದ್ಧವಾಗತೊಡಗಿತು. 2006ರ ಆಹಾರ ಸುರಕ್ಷತೆ ಕಾಯ್ದೆ 2011ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. 2013ರಲ್ಲಿ ಬಿಹಾರದ ಗಂಡಾಮನ್ ಶಾಲೆಯಲ್ಲಿ ಕೀಟನಾಶಕ ಬೆರೆತ ಊಟ ತಿಂದು 23 ಮಕ್ಕಳು ಸತ್ತಾಗ ಇಲ್ಲಿಯ ತಾಯಂದಿರೂ ನಡುಗಿದರು. 2018ರ ಡಿಸೆಂಬರ್ 14ರಂದು ಹನೂರು ತಾಲೂಕಿನ ಸುಳ್ವಾಡಿ ಮಾರಮ್ಮನ ಪ್ರಸಾದದಲ್ಲಿ ವಿಷ ಬೆರೆಸಿದ ಘಟನೆ ಈ ಬರವಣಿಗೆಯ ದಿಕ್ಕನ್ನೇ ತಿರುಗಿಸಿತು. ಅದು ಅಪರಾಧದ ಪ್ರಕರಣ. ಅಲ್ಲಿಂದೀಚೆಗೆ ಎಲ್ಲಿ ಜನ ವಾಂತಿ ಮಾಡಿದರೂ ಮೊದಲು ವಿಷ ಹಾಕಿದವರನ್ನು ಹುಡುಕುವ ರೂಢಿ ಗಟ್ಟಿಯಾಯಿತು. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯ ದಲಿತ ಕೇರಿಯಲ್ಲಿ ಸಾವುಗಳಾದಾಗಲೂ ಮೊದಲು ಹಬ್ಬಿದ್ದು ವಿಷದ ಶಂಕೆಯೇ. ಪರೀಕ್ಷೆಯಲ್ಲಿ ವಿಷ ಕಾಣಲಿಲ್ಲ, ನೀರೇ ಕಲುಷಿತವಾಗಿತ್ತು.

ಅದಕ್ಕೆ ಒಂದು ವರ್ಷ ಮೊದಲು, 2022ರ ಮೇ-ಜೂನ್‌ನಲ್ಲಿ, ರಾಯಚೂರು ನಗರದಲ್ಲೇ ನಲ್ಲಿ ನೀರು ಕುಡಿದು ಹಲವರು ಸತ್ತರು. ಕೃಷ್ಣಾ, ತುಂಗಭದ್ರಾ ಎರಡೂ ಹರಿಯುವ ಜಿಲ್ಲೆಯಿದು. 2023ರ ಬೇಸಿಗೆಯಲ್ಲಿ ಕೊಪ್ಪಳ ಜಿಲ್ಲೆಯ ಬಸರಿಹಾಳ, ಬಿಜಕಲ್ ಹಳ್ಳಿಗಳಲ್ಲೂ ಸಾವಾಯಿತು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜಿನ ಹಾಸ್ಟೆಲಿನ 47 ವಿದ್ಯಾರ್ಥಿಗಳು ಆಸ್ಪತ್ರೆ ಸೇರಿದರು. ಅವರಲ್ಲಿ ಎಷ್ಟು ಮಂದಿಗೆ ಕಾಲರಾ ಎಂಬುದು ಪರೀಕ್ಷೆಯ ಫಲಿತಾಂಶ ಸಹಿತ ಅಚ್ಚಾಯಿತು. ಅದಕ್ಕೂ ಮುಂಚೆ ಮಾರ್ಚ್‌ನಲ್ಲಿ ಗೋಬಿ ಮಂಚೂರಿಯ ಬಣ್ಣ ನಿಷೇಧವಾದಾಗಲೂ ಯಾವ ರಾಸಾಯನಿಕ, ಯಾಕೆ ಅಪಾಯ ಎಂದು ಪುಟಗಟ್ಟಲೆ ವಿವರ ಬಂತು. ಆಗಬೇಕಾದದ್ದೇ. ಅದೇ ಶ್ರದ್ಧೆ ಹಳ್ಳಿಯ ನೀರಿನ ಟ್ಯಾಂಕಿಗೂ ಸಲ್ಲಬೇಕು.

ಸಲ್ಲದಿರುವುದಕ್ಕೆ ಕಾರಣ ತಾಲೂಕು ವರದಿಗಾರನ ಬದುಕಿನಲ್ಲಿದೆ. 2019ರಲ್ಲಿ ಪತ್ರಿಕಾ ಕಾಗದದ ಆಮದಿಗೆ ಶೇ 10 ಸುಂಕ ಬಿತ್ತು. ಮರುವರ್ಷ ಅದು ಶೇ 5ಕ್ಕೆ ಇಳಿಯುವಷ್ಟರಲ್ಲಿ ಕೋವಿಡ್ ಬಂದು ಜಾಹೀರಾತು ಕುಸಿಯಿತು, ಪುಟಗಳು ಕಡಿಮೆಯಾದವು. ಮೊದಲು ಕತ್ತರಿ ಬಿದ್ದದ್ದು ಸ್ಥಳೀಯ ಸುದ್ದಿಗೆ. ತಾಲೂಕಿನ ಅರೆಕಾಲಿಕ ವರದಿಗಾರರಲ್ಲಿ ಬಹಳ ಮಂದಿಗೆ ಸಂಬಳವೆಂಬುದು ಹೆಸರಿಗಷ್ಟೇ. ಕೈಗೆ ಸಿಗುವುದು ರಾಜ್ಯೋತ್ಸವ, ದೀಪಾವಳಿ ಪುರವಣಿಗೆ ತಂದ ಜಾಹೀರಾತಿನ ಕಮಿಷನ್. ಶುಭಾಶಯದ ಆ ಜಾಹೀರಾತು ಕೊಡುವವರು ಯಾರು? ಗ್ರಾಮ ಪಂಚಾಯಿತಿ ಸದಸ್ಯರು, ಪೈಪ್‌ಲೈನ್ ಗುತ್ತಿಗೆದಾರರು, ಬಸ್‌ ನಿಲ್ದಾಣದ ಹೋಟೆಲಿನವರು. ಕೇಳಬೇಕಾದ ಪ್ರಶ್ನೆ ಅವರಿಗೇ. ಮಸ್ಕಿಯಿಂದ ರಾಯಚೂರಿಗೆ ಹೋಗಿ ಪ್ರಯೋಗಾಲಯದ ವರದಿ ವಿಚಾರಿಸಿ ಬರುವ ಬಸ್‌ ಚಾರ್ಜೂ ವರದಿಗಾರನ ಜೇಬಿನದೇ. ಇಷ್ಟಾಗಿಯೂ ಬೆನ್ನುಹತ್ತಿ ಬರೆಯುವವರಿದ್ದಾರೆ. ಅಂಥವರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಬೆನ್ನುಹತ್ತಲು ಭಾರಿ ಶಾಸ್ತ್ರವೇನೂ ಬೇಕಿಲ್ಲ. ಜಾತ್ರೆಯಲ್ಲೋ ಮದುವೆಯಲ್ಲೋ ಉಂಡು ಎರಡು-ಮೂರು ತಾಸಿನೊಳಗೆ ವಾಂತಿಯಾದರೆ, ಅಡುಗೆಯಲ್ಲಿ ಮೊದಲೇ ಸೇರಿದ್ದ ಬ್ಯಾಕ್ಟೀರಿಯಾ ನಂಜಿನ ಮೇಲೆ ಅನುಮಾನ. ಮತ್ತೆ ಬಿಸಿ ಮಾಡಿದರೂ ಸ್ಟೆಫೈಲೊಕಾಕಸ್ ನಂಜು ಹೋಗುವುದಿಲ್ಲ. ಹುಗ್ಗಿ ಉಂಡವರು, ಉಣ್ಣದವರು ಎಂದು ಬೇರೆ ಬೇರೆ ಎಣಿಸಿದರೆ ಕಾರಣ ಅರ್ಧ ತಿಳಿದಂತೆ. ಊಟದ ಸಂಬಂಧವೇ ಇಲ್ಲದ ಮನೆಗಳಲ್ಲಿ, ಒಂದೇ ಪೈಪಿನ ಸಾಲಿನಲ್ಲಿ, ದಿನದಿಂದ ದಿನಕ್ಕೆ ಭೇದಿ ಹಬ್ಬುತ್ತಿದ್ದರೆ ನೀರನ್ನು ನೋಡಬೇಕು. ಕಾಲುವೆ ಬಂದಾದ ಬೇಸಿಗೆಯಲ್ಲಿ ಕೆರೆಯ ತಳದ ನೀರು ಬರುತ್ತದೆ. ಮೊದಲ ಮಳೆಗೆ ಚರಂಡಿಯ ನೀರು ಒಡೆದ ಪೈಪಿಗೆ ಇಳಿಯುತ್ತದೆ. ನೀರು ಪರೀಕ್ಷೆಗೆ ಹಳ್ಳಿಗಳಲ್ಲಿ ಬಳಸುವ ಚಿಕ್ಕ ಬಾಟಲಿಯೊಂದಿದೆ. ಗೆರೆಯವರೆಗೆ ನಲ್ಲಿ ನೀರು ತುಂಬಿ ಬಿಗಿಯಾಗಿ ಮುಚ್ಚಿ ಬೆಚ್ಚಗೆ ಇಡಬೇಕು. ಒಂದೆರಡು ದಿನದಲ್ಲಿ ಅದು ಕಪ್ಪಾದರೆ ಮಲದ ಸೋಂಕಿನ ಸೂಚನೆ. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ‘ಅಧಿಕಾರಿಗಳು ಭೇಟಿ ನೀಡಿದರು’ ಎಂಬ ಸಾಲಿನ ಜಾಗದಲ್ಲಿ ಈ ಒಂದು ಅಂಕಿ ಅಚ್ಚಾಗಲಿ.

ಪತ್ರಿಕೆಗಳಲ್ಲಿ ಅಪರೂಪಕ್ಕೂ ಕಾಣದ ಇನ್ನೊಂದು ಸಂಗತಿ ಆಹಾರ ಸುರಕ್ಷತೆ ಕಾಯ್ದೆಯ 65ನೇ ಸೆಕ್ಷನ್. ಅಸುರಕ್ಷಿತ ಆಹಾರ ತಿಂದು ಜೀವ ಹೋದರೆ, ಅದನ್ನು ತಯಾರಿಸಿದ ಅಥವಾ ಮಾರಿದ ವ್ಯಾಪಾರಿಯಿಂದ ಕನಿಷ್ಠ 5 ಲಕ್ಷ ರೂಪಾಯಿ, ತೀವ್ರ ಹಾನಿಯಾದರೆ 3 ಲಕ್ಷದವರೆಗೆ, ಬೇರೆ ಹಾನಿಗೆ 1 ಲಕ್ಷದವರೆಗೆ ಪರಿಹಾರಕ್ಕೆ ಅದರಲ್ಲಿ ಅವಕಾಶವಿದೆ. ಅದನ್ನು ಕೇಳಲು ರೋಗದ ಮೂಲ ಊಟವೇ ಎಂಬುದಕ್ಕೆ ಕಾಗದ ಬೇಕು, ಅಂದರೆ ಮೂರನೇ ದಿನದ ನಂತರ ಯಾರೂ ವಿಚಾರಿಸದ ಆ ಪ್ರಯೋಗಾಲಯದ ವರದಿ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ವರದಿಗಾರನೂ ಹಾಕಬಹುದು, ಮಗುವನ್ನು ಕಳೆದುಕೊಂಡ ತಂದೆಯೂ ಹಾಕಬಹುದು.