ಕಾಳಿಯ ಕಲ್ಲು

ಉಪಕಾರ ಮಾಡಿದವರಿಗೆ ನಾವು ಇಂದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ. ಹಿಂದಿನವರು ಹೇಗೆ ನೆನೆಯುತ್ತಿದ್ದರು? ತಮಿಳುನಾಡಿನ ಗಡಿಯ ನಮ್ಮ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ನಾವು ಆತಕೂರಿನ ಶಾಸನದ ಕತೆ ಹೇಳುತ್ತೇವೆ. ಅದರಲ್ಲಿ ಬರುವ ಯುದ್ಧ ನಡೆದದ್ದು ಇದೇ ರಾಜ್ಯದ ಅರಕ್ಕೋಣಂ ಹತ್ತಿರದ ತಕ್ಕೋಲದಲ್ಲಿ, ಸುಮಾರು ಕ್ರಿ.ಶ. 949ರಲ್ಲಿ.

ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ಕಾಳಗ. ಚೋಳ ರಾಜಕುಮಾರ ರಾಜಾದಿತ್ಯ ಮಡಿದ. ಕೃಷ್ಣನ ಪರ ಕಾದಿದ ಗಂಗರ ಬೂತುಗನಿಗೆ ಬನವಾಸಿ, ಬೆಳ್ವೊಲ ಮೊದಲಾದ ನಾಡುಗಳೇ ಸಿಕ್ಕವು. ಬೂತುಗ ತನ್ನ ಮುಂದೆ ನಿಂತು ಹೋರಾಡಿದ ಮಣಲೆರನಿಗೆ, ಮೆಚ್ಚಿದ್ದೇನೆ, ಬೇಕಾದ್ದನ್ನು ಕೇಳು ಎಂದ. ಮಣಲೆರ ಕೇಳಿದ್ದು ಅರಸನ ಬೇಟೆನಾಯಿ ಕಾಳಿಯನ್ನು! (ಆತಕೂರು ಹನ್ನೆರಡೂ ಅವನಿಗೆ ಸಿಕ್ಕಿತು ಎನ್ನಿ.)

ಮುಂದೆ ಕಾಳಿ ದೊಡ್ಡ ಕಾಡುಹಂದಿಯ ಮೇಲೆ ಬಿದ್ದಿತು, ಎರಡೂ ಸತ್ತವು. ಅದರ ನೆನಪಿಗೆ ಆತಕೂರಿನ ದೇವಸ್ಥಾನದ ಮುಂದೆ ನಾಯಿ ಹಂದಿಗಳ ಕಾದಾಟ ಕೆತ್ತಿದ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಪೂಜಾರಿಯಾದ ಗೊರವ ಉಂಡರೆ ನಾಯಿಯ ಪಾಪ ತಟ್ಟುತ್ತದೆ ಎಂದೂ ಬರೆಸಿದರು. ಬರೀ ಕಲ್ಲು ನೆಟ್ಟರೆ ಜನ ಮರೆಯುತ್ತಾರೆಂದು ಅವರಿಗೆ ಗೊತ್ತಿತ್ತು! ಮಂಡ್ಯ ಜಿಲ್ಲೆಯ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇಷ್ಟು ಹೇಳಿದಾಗ, ರಾಜಾದಿತ್ಯನನ್ನು ಯಾರು ನೆನೆದರು ಸಾರ್ ಎಂದು ಒಂದು ಮಗು ಕೇಳಿತು. ನಾವು ಅದನ್ನು ಬಿಟ್ಟೇ ಬಿಟ್ಟಿದ್ದೆವು. ಚೋಳರೂ ತಮ್ಮ ತಾಮ್ರಶಾಸನದಲ್ಲಿ, ಅವನು ಆನೆಯ ಮೇಲೆ ಕಾದಿ ವೀರಸ್ವರ್ಗ ಸೇರಿದ್ದನ್ನು ಬರೆಸಿದ್ದಾರೆ. ಈಗ ಎರಡನ್ನೂ ಒಂದೇ ದಿನ ಹೇಳುತ್ತೇವೆ. ಸಂಜೆ ನಮ್ಮ ಮಕ್ಕಳು ಆಡುವುದು ತಮಿಳು ಮಕ್ಕಳ ಜೊತೆಗೇ.